ಸುಖಪೀಠ ಡಾಟ್ ಕಾಮ್

ಎಲ್ಲ ಶುರುವಾದದ್ದು ಅತ್ತೆಮನೆಯ ಆರಾಮ ಕುರ್ಚಿಯಿಂದ.

ಭಾನುವಾರದ ಊಟಕ್ಕೆ ಇಬ್ಬರು ಅಳಿಯಂದಿರೂ ಹೋಗಿದ್ದರು. ಆರಾಮ ಕುರ್ಚಿಯಲ್ಲಿ ಕಾಲು ಚಾಚಿ ಕೂತವನು ಕಿರಿಯ ಅಳಿಯ. ಹಿರಿಯ ಅಳಿಯನಿಗೆ, ಎಂದರೆ ಈ ಕತೆಯ ಕುರ್ಚಿ ರಿಪೇರಿಯವನಿಗೆ, ಸಿಕ್ಕಿದ್ದು ಅಡುಗೆಮನೆಯ ಮೋಟು ಸ್ಟೂಲು. ಆ ಆರಾಮ ಕುರ್ಚಿಗೆ ಬೆತ್ತ ಹೆಣೆದುಕೊಟ್ಟವನು ಇವನೇ. ಬೆತ್ತವನ್ನು ನೀರಿನಲ್ಲಿ ನೆನೆಹಾಕಿ, ಎಳೆ ಎಳೆಯಾಗಿ ಬಿಗಿದು, ಬೆರಳ ತುದಿಗಳನ್ನೆಲ್ಲ ಸೀಳಿಸಿಕೊಂಡು ಹೆಣೆದಿದ್ದ. ಹೆಣೆದವನು ಸ್ಟೂಲಿನ ಮೇಲೆ, ಹೆಣೆಯಲು ಬಾರದವನು ಕುರ್ಚಿಯ ಮೇಲೆ. ಭೂಮಿ ತಿರುಗಲು ಕಲಿತ ದಿನದಿಂದ ಇರುವ ಏರ್ಪಾಡು ಇದು; ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕುರ್ಚಿ ರಿಪೇರಿಯವನು ಅಂದು ಕೆಡಿಸಿಕೊಂಡ.

ಕಿರಿಯ ಅಳಿಯ, ಎಂದರೆ ಇವನ ಷಡ್ಡಕ, ಕೈಗೆ ಸುತ್ತಿಗೆ ಕೊಟ್ಟರೆ ಯಾವ ತುದಿ ಹಿಡಿಯಬೇಕೆಂದು ಕೇಳುವ ಪೈಕಿ. ಒಬ್ಬರ ಹಳೆಯ ಕುರ್ಚಿಯನ್ನು ಇನ್ನೊಬ್ಬರಿಗೆ ಹೊಸದೆಂದು ಸಾಗಿಸುವುದು ಅವನ ಕಸುಬು. ಅಂಥವನು ಊಟದ ನಂತರ ಗಂಟಲು ಸರಿಮಾಡಿಕೊಂಡು, "ಅತ್ತೆ, ಇನ್ನು ಮೇಲೆ ಎಲ್ಲ ಇಂಟರ್‌ನೆಟ್ಟಲ್ಲೇ. ಮಾರೋದು, ರಿಪೇರಿ ತಗೊಳ್ಳೋದು, ಎರಡೂ. ಹೆಸರೂ ಗೊತ್ತು ಮಾಡಿಟ್ಟಿದೀನಿ. ಸುಖಪೀಠ ಡಾಟ್ ಕಾಮ್. ಈ ವಾರ ಬರೆಸಿಬಿಡ್ತೀನಿ," ಅಂದ.

ಅತ್ತೆಗೆ ಡಾಟೂ ಗೊತ್ತಿಲ್ಲ, ಕಾಮೂ ಗೊತ್ತಿಲ್ಲ. ಆದರೂ ಕಣ್ಣರಳಿಸಿದರು. "ಹೆಸರು ಅಂದ್ರೆ ಹೀಗಿರಬೇಕು." ಆಮೇಲೆ ಸ್ಟೂಲಿನ ಕಡೆ ತಿರುಗಿ, "ನಿಮ್ಮಂಗಡಿನ ಜನ ಏನೋ ಅಂತಾರಲ್ಲ, ಏನದು?" ಎಂದರು.

ಅದೇನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಾದಿನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಮೂರುಕಾಲು," ಅಂದಳು.

ಅಂಗಡಿಗೆ ಒಂದು ತಗಡಿನ ಬೋರ್ಡು ಇದ್ದದ್ದು ನಿಜ. 'ಪೀಠೋಪಕರಣ ದುರಸ್ತಿ ಕೇಂದ್ರ' ಎಂದು ಬರೆಸಿದ್ದ. ಅದನ್ನು ಇದುವರೆಗೆ ಓದಿದವರು ಇಬ್ಬರು: ಬರೆದ ಪೇಂಟರು ಮತ್ತು ತುಕ್ಕು. ಜನ ಗುರುತಿಟ್ಟುಕೊಂಡದ್ದು ಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದ ಕುರ್ಚಿಯನ್ನು. ಇಪ್ಪತ್ತೆರಡು ವರ್ಷದ ಹಿಂದೆ ಯಾರೋ ರಿಪೇರಿಗೆ ಬಿಟ್ಟು ಮರೆತುಹೋದ ಕುರ್ಚಿ ಅದು. ಒಂದು ಕಾಲಿಲ್ಲ. ಆದರೂ ಬೀಳದೆ ಸೆಟೆದು ನಿಂತಿರುತ್ತಿತ್ತು. ಇಲ್ಲದ ಕಾಲಿನ ಎದುರು ಮೂಲೆಯಲ್ಲಿ, ಸೀಟಿನ ಕೆಳಗೆ, ತಕ್ಕಡಿಯ ಹಳೆಯ ಕಬ್ಬಿಣದ ಗುಂಡೊಂದನ್ನು ತಂತಿ ಸುತ್ತಿ ಇವನು ಕಟ್ಟಿದ್ದ, ಗುಟ್ಟು ಅಷ್ಟೇ. ನೋಡಿದವರಿಗೆ ಮಾತ್ರ ಇಂದ್ರಜಾಲ. 'ಮೂರು ಕಾಲಲ್ಲೇ ಕುರ್ಚಿ ನಿಲ್ಲಿಸೋನು ನಾಲ್ಕು ಕಾಲಿಂದು ಸರಿ ಮಾಡಲ್ವಾ' ಎಂದು ಮೂರು ಬಡಾವಣೆಯಾಚೆಯಿಂದ ಗಿರಾಕಿಗಳು ಹುಡುಕಿಕೊಂಡು ಬರುತ್ತಿದ್ದರು. ಅಂಗಡಿ 'ಮೂರುಕಾಲು' ಆಯಿತು, ಇವನು 'ಮೂರುಕಾಲಣ್ಣ' ಆದ. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಯಾರೋ ಹೆಗಲ ಮೇಲೆ ಒದ್ದೆ ಬಟ್ಟೆ ಹಾಕಿದಂತೆ ಆಗುತ್ತಿತ್ತು ಅವನಿಗೆ. ಈಗಂತೂ ಒಂದು ಕಡೆ ಸುಖಪೀಠ, ಇನ್ನೊಂದು ಕಡೆ ಮೂರುಕಾಲು. ರಾತ್ರಿಯೆಲ್ಲ ಹೊಟ್ಟೆಯೊಳಗೆ ಯಾರೋ ಕುಲುಮೆಯ ತಿದಿ ಒತ್ತುತ್ತಿದ್ದರು.

ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಆ ಉರಿಯಲ್ಲಿ ಅನ್ನ ಬೇಯಿಸಬಹುದಿತ್ತು.

"ಮೂರುಕಾಲಣ್ಣ, ಈ ಸ್ಟೂಲು ಅಲ್ಲಾಡ್ತದೆ ನೋಡಪ್ಪ," ಎಂದು ಕೊಡೆ ಅಜ್ಜಿ ಮೆಟ್ಟಿಲ ಬಳಿ ನಿಂತಿದ್ದಳು. ಬಿಸಿಲಿರಲಿ ಬಿಡಲಿ, ಬಿಡಿಸಿದ ಕೊಡೆಯಿಲ್ಲದೆ ಅವಳು ಬೀದಿಗೆ ಇಳಿದವಳಲ್ಲ.

"ಸಂಜೆ ಬಾರಜ್ಜಿ. ಇವತ್ತು ತಲೆ ಅಲ್ಲಾಡ್ತಿದೆ, ಮೊದಲು ಅದನ್ನ ಸರಿ ಮಾಡ್ಕೋತೀನಿ."

ಅಜ್ಜಿ ಸ್ಟೂಲನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟಳು. ಪಕ್ಕದಂಗಡಿಯ ಟೈಲರ್ ಬಾಯಲ್ಲಿ ಹಿಡಿದಿದ್ದ ದಾರ ಉಗಿದು, "ಏನಣ್ಣ, ಅತ್ತೆಮನೆ ಊಟ ಜೀರ್ಣ ಆಗಿಲ್ವಾ?" ಎಂದು ವಿಚಾರಿಸಿದ. ಟೈಲರಿಗೆ ಇನ್ನೊಬ್ಬರ ಮನೆಯ ಸಂಗತಿ ಹೊಲಿಗೆ ಬಿಟ್ಟ ಬಟ್ಟೆಯಿದ್ದ ಹಾಗೆ, ಕೈಯಾಡಿಸದೆ ಇರಲಾರ. ವಿಷಯ ಪೂರ್ತಿ ಕೇಳಿಕೊಂಡು ಅಂದ:

"ಅವರು ಇನ್ನೂ ಬರೆಸಿಲ್ವಲ್ಲ? ಈ ಇಂಟರ್‌ನೆಟ್ ಹೆಸರಿದೆಯಲ್ಲ, ಬಸ್ಸಲ್ಲಿ ಟವಲ್ ಹಾಕಿದ ಹಾಗೆ ಅಣ್ಣ. ಮೊದಲು ಹಾಕಿದವನದ್ದೇ ಸೀಟು. ನಮ್ಮ ಕಡೆಯೋರೊಬ್ಬರು ದೊಡ್ಡ ಕಂಪನಿ ಹೆಸರಿಗೆ ಟವಲ್ ಹಾಕಿ ಕೂತಿದ್ರು. ಆ ಕಂಪನಿಯೋರೇ ಮನೆ ಬಾಗಿಲಿಗೆ ಬಂದ್ರು."

"ಬಂದು ಏನು ಮಾಡಿದ್ರು?"

"ಅದು ಸರಿಯಾಗಿ ಕೇಳಲಿಲ್ಲ."

ಕೇಳಬೇಕಾಗಿದ್ದದ್ದೇ ಅದು. ಆದರೆ ಕುರ್ಚಿ ರಿಪೇರಿಯವನ ಕಣ್ಣ ಮುಂದೆ ಆಗಲೇ ಷಡ್ಡಕ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. 'ಅಣ್ಣ, ಆ ಹೆಸರು ನನಗೆ ಕೊಡಿ' ಎಂದು ಅಂಗಲಾಚುತ್ತಿದ್ದ. ತಾನು ಆರಾಮ ಕುರ್ಚಿಯಲ್ಲಿ ಒರಗಿ, 'ನೋಡೋಣ' ಅನ್ನುತ್ತಿದ್ದ. ಆ 'ನೋಡೋಣ'ವನ್ನು ಎರಡು ಸಲ ಬಾಯಲ್ಲೇ ಹೇಳಿ ರುಚಿ ನೋಡಿ, ರಸ್ತೆ ದಾಟಿದ.

ಎದುರಿಗೆ ಜೆರಾಕ್ಸ್ ಅಕ್ಕನ ಅಂಗಡಿ. ಅವಳ ಬಳಿ ಒಂದು ಕಂಪ್ಯೂಟರು, ಒಂದು ಪ್ರಿಂಟರು ಮತ್ತು ಬೀದಿಯ ಎಲ್ಲರ ಗುರುತಿನ ಚೀಟಿಯ ಒಂದೊಂದು ಪ್ರತಿ ಇದ್ದವು. "ಸುಖಪೀಠ," ಎಂದು ಅವಳು ಕೀಲಿಮಣೆ ಕುಟ್ಟುತ್ತ ನಿಲ್ಲಿಸಿದಳು. "ಈ ಹೆಸರನ್ನ ಎಲ್ಲೋ ನೋಡಿದೀನಲ್ಲ. ದಿನಾ ನೋಡ್ತೀನಿ ಅನ್ಸುತ್ತೆ. ದಿನಾ ಬೆಳಿಗ್ಗೆ."

"ನೀವು ನೋಡಿರೋದು ಬೇರೆ. ಬೇಗ ಮಾಡಿ ಅಕ್ಕ, ಅವನು ಎದ್ದು ಹಲ್ಲುಜ್ಜೋದರೊಳಗೆ ಆಗಬೇಕು."

ಖಾಲಿ ಇತ್ತು. ಐದೇ ನಿಮಿಷದಲ್ಲಿ ಹೆಸರು ಅವನದಾಯಿತು. ಹೊಲದ ಒಂದು ಮೊಳ ಜಾಗಕ್ಕೆ ತಲೆಮಾರು ತಲೆಮಾರು ಕಚೇರಿ ಅಲೆಯುವ ಲೋಕದಲ್ಲಿ ಇದು ಇಷ್ಟು ಸಲೀಸೇ ಎಂದು ಅವನಿಗೆ ಒಂದು ಗಳಿಗೆ ನಿರಾಸೆಯೂ ಆಯಿತು. ಕಾಣದ, ಮುಟ್ಟಲಾಗದ ಸ್ವತ್ತು, ಬೇಲಿಯಿಲ್ಲ, ಬಾಗಿಲಿಲ್ಲ. ಆದರೂ ಷಡ್ಡಕ ಒಳಗೆ ಬರುವಂತಿಲ್ಲ. ಜೀವಮಾನದಲ್ಲಿ ಅವನು ಇಷ್ಟು ಒಳ್ಳೆಯ ಕೋಣೆಯನ್ನು ಕಂಡಿರಲಿಲ್ಲ.

"ಬರೀ ತಗೊಂಡ್ರೆ ಸಾಲದು," ಜೆರಾಕ್ಸ್ ಅಕ್ಕ ರಸೀದಿ ಕೊಡುತ್ತ ತಲೆಗೆ ಹುಳ ಬಿಟ್ಟಳು. "ಇಂಥದ್ದನ್ನ ವಾಪಸ್ ಕಿತ್ಕೊಳ್ಳೋ ಕಾನೂನೂ ಇದೆಯಂತೆ. ಮೇಲೆ ವಕೀಲರ ಹತ್ರ ಒಂದು ಮಾತು ಕೇಳಿ."

ಅವಳ ಅಂಗಡಿಯ ಮಹಡಿಯ ಮೇಲೆ ವಕೀಲರ ಕೋಣೆ. ಕಕ್ಷಿದಾರರಿಗೆಂದು ಇಟ್ಟಿದ್ದ ಕುರ್ಚಿಯಲ್ಲಿ ಕೂರುತ್ತಲೇ ಅದರ ಹಿಂದಿನ ಬಲಗಾಲಿನ ಸ್ಕ್ರೂ ಸಡಿಲವೆಂದು ಅವನ ಬೆನ್ನಿಗೆ ತಿಳಿಯಿತು. ಮಾತಾಡುತ್ತಲೇ ಕೈ ಹಿಂದೆ ಹಾಕಿ ಹೆಬ್ಬೆರಳ ಉಗುರಿನಲ್ಲಿ ಬಿಗಿಮಾಡತೊಡಗಿದ.

"ಹೆಸರಿನ ಜಗಳ ಬಂದಾಗ ಮೂರು ಮಾತು ಕೇಳ್ತಾರೆ," ವಕೀಲರು ಬೆರಳು ಮಡಚಿದರು. "ಒಂದು, ಈ ಹೆಸರು ಬೇರೆಯವರ ವ್ಯಾಪಾರದ ಗುರುತಿನ ಹಾಗೇ ಇದೆಯಾ? ಎರಡು, ಈ ಹೆಸರಲ್ಲಿ ನಿನಗೆ ಏನು ಹಕ್ಕು? ಮೂರು, ಯಾವ ಉದ್ದೇಶದಿಂದ ತಗೊಂಡೆ? ಮೂರನೇದು ಹೇಳು."

"ಉರ್ಕೊಳ್ಲಿ ಅಂತ."

"ಯಾರು?"

"ಷಡ್ಡಕ."

ವಕೀಲರು ಪೆನ್ನು ಕೆಳಗಿಟ್ಟರು. "ಇದನ್ನ ಕಾನೂನಲ್ಲಿ ಕೆಟ್ಟ ಉದ್ದೇಶ ಅಂತಾರಪ್ಪ."

"ಸಂಬಂಧಿಕರಲ್ಲಿ ಇದ್ದಿದ್ದೇ ಅಲ್ವಾ ಸಾರ್. ನಿಮಗೆ ಷಡ್ಡಕ ಇಲ್ವಾ?"

ವಕೀಲರಿಗೆ ಇದ್ದ. ಅವರು ಪೆನ್ನನ್ನು ಮತ್ತೆ ಕೈಗೆತ್ತಿಕೊಂಡರು. "ಸರಿ. ಮೊದಲು ಈ ಹೆಸರು ಬೇರೆ ಯಾರದಾದ್ರೂ ಟ್ರೇಡ್‌ಮಾರ್ಕಾ ಅಂತ ಹುಡುಕಿಸ್ತೀನಿ. ಎರಡು ದಿನ ಬೇಕು."

"ಅವನು ಇವತ್ತೇ ಉರ್ಕೋಬೇಕು, ಎರಡು ದಿನ ಯಾರು ಕಾಯ್ತಾರೆ? ಹುಡುಕೋದು ಬೇಡ ಸಾರ್. ಹೊಳೆದದ್ದು ಅವನ ತಲೆಗೆ. ಇನ್ಯಾರ ತಲೆಗೆ ಹೊಳೆಯುತ್ತೆ?"

"ಹುಡುಕೋದು ಬೇಡ ಅಂದೆ. ನೆನಪಿರಲಿ. ಹಾಗಾದ್ರೆ ಎರಡನೇದು ಗಟ್ಟಿ ಮಾಡಬೇಕು. ಸುಖಪೀಠ ಅನ್ನೋದು ನಿಜವಾಗಲೂ ನಿನ್ನ ಅಂಗಡಿ ಹೆಸರಾಗಿರಬೇಕು. ಈಗ ಜನ ನಿನ್ನಂಗಡಿನ ಏನಂತಾರೆ?"

ಗೋಡೆಯಾಚೆಯ ಮೆಟ್ಟಿಲಿನಿಂದ ಟೈಲರನ ದನಿ ಬಂತು: "ಮೂರುಕಾಲು ಅಂತಾರೆ ಸಾರ್." ಅವನು ಯಾವಾಗ ಹಿಂದೆಯೇ ಬಂದನೋ.

"ಅದೇ ತೊಡಕು. ಆ ಹೆಸರು ಇರೋವರೆಗೂ ಈ ಹೆಸರು ಕಳ್ಳಮಾಲಿನ ಹಾಗೆ ಕಾಣುತ್ತೆ. ಆ ಹೆಸರನ್ನ ನೀನು ಬೋರ್ಡಲ್ಲಿ, ಬಿಲ್ಲಲ್ಲಿ ಎಲ್ಲಾದ್ರೂ ಬರೆಸಿದೀಯಾ?"

"ನನಗೇನು ಹುಚ್ಚಾ ಸಾರ್?"

"ಹಾಗಾದ್ರೆ ಅದು ನಿನ್ನದಲ್ಲ ಅಂತ ಒಂದು ಅಫಿಡವಿಟ್ಟು ಮಾಡೋಣ. ಆದ್ರೆ ನಾನು ಸುಳ್ಳು ಬರೆಯಲ್ಲ. ಮೊದಲು ಹೊಸ ಬೋರ್ಡು ಹಾಕು. ಆ ಕುರ್ಚಿ ತೆಗಿ. ಇಬ್ಬರು ಸಾಕ್ಷಿ ಕರ್ಕೊಂಡು ಬಾ. ಆಮೇಲೆ ಸಹಿ."

ಅವನು ಎದ್ದ. ಕುರ್ಚಿಯ ಸ್ಕ್ರೂ ಬಿಗಿಯಾಗಿತ್ತು. ಯಾರೂ ಗಮನಿಸಲಿಲ್ಲ.

ಹನ್ನೊಂದು ಗಂಟೆಗೆಲ್ಲ ಪೇಂಟರು ತುಕ್ಕಿನ ಮೇಲೆ ಬಿಳಿ ಬಳಿದು, ಕೆಂಪಕ್ಷರದಲ್ಲಿ ದೊಡ್ಡದಾಗಿ 'ಸುಖಪೀಠ' ಎಂದು ಬರೆದ. ಅಂದ ಹೆಚ್ಚಲೆಂದು ಕೆಳಗೆ ತನ್ನದೇ ಬುದ್ಧಿಯಿಂದ 'ಎಲ್ಲರಿಗೂ ಸ್ವಾಗತ' ಎಂದೂ ಸೇರಿಸಿದ. ಬಣ್ಣ ಆರುವ ಮುಂಚೆಯೇ ಮೊದಲ ಗಿರಾಕಿ ಓಡೋಡಿ ಬಂದ. ಕೈಚೀಲವನ್ನು ಮೇಜಿನ ಮೇಲೆ ಎಸೆದು, "ಎಲ್ಲಿದೆ?" ಅಂದ.

"ಏನು?"

"ಬೋರ್ಡು ನೋಡಿ ಬಂದೆ ಸ್ವಾಮಿ. ಒಳಗಾ, ಹಿಂದೆಯಾ? ಬೇಗ ಹೇಳಿ, ಬಸ್ಸು ನಿಂತಿದೆ."

"ಇದು ಕುರ್ಚಿ ರಿಪೇರಿ ಅಂಗಡಿ."

ಆ ಮನುಷ್ಯ ನೋಡಿದ ನೋಟವನ್ನು ಕುರ್ಚಿ ರಿಪೇರಿಯವನು ಬದುಕಿನಲ್ಲಿ ಮರೆಯಲಾರ. ಅನ್ನವೆಂದು ಕರೆದು ತಟ್ಟೆಯಲ್ಲಿ ಮರಳು ಬಡಿಸಿದವನನ್ನು ನೋಡುವ ನೋಟ ಅದು. ಅವನ ಹಿಂದೆಯೇ ಇನ್ನಿಬ್ಬರು ಬಂದರು. ಮೂರನೆಯವಳು ಮಗುವನ್ನು ಎತ್ತಿಕೊಂಡಿದ್ದಳು. ಅವಳಿಗೆ ವಿವರಿಸಿ ಮುಗಿಸುವಷ್ಟರಲ್ಲಿ ಮಗು ತನ್ನ ಕೆಲಸ ಮುಗಿಸಿತ್ತು.

"ಹೆಸರೇ ಹಾಗಿದೆ ಅಣ್ಣ," ಎಂದು ಟೈಲರ್ ಸಮಾಧಾನ ಹೇಳಿದ. "ಸುಖ ಅಂತೀರಿ, ಪೀಠ ಅಂತೀರಿ, ಎಲ್ಲರಿಗೂ ಸ್ವಾಗತ ಅಂತೀರಿ. ಪಾಪ ಅವರಾದ್ರೂ ಏನು ಮಾಡ್ತಾರೆ?"

"ಷಡ್ಡಕನ ಬಾಯಲ್ಲಿ ಹಾಗೆ ಕೇಳಿಸ್ಲಿಲ್ಲ."

"ಆರಾಮ ಕುರ್ಚೀಲಿ ಕೂತು ಹೇಳಿದ್ರೆ ಏನು ಬೇಕಾದ್ರೂ ಚೆಂದ ಕೇಳುತ್ತೆ."

ಬೋರ್ಡಿಗೆ 'ಕುರ್ಚಿ ಮಾತ್ರ' ಎಂದು ಇನ್ನೊಂದು ಸಾಲು ಬರೆಸಿದ ಮೇಲೆ ಬೀದಿ ತಣ್ಣಗಾಯಿತು. ಉಳಿದದ್ದು ಮೆಟ್ಟಿಲ ಮೇಲಿನ ಮೂರುಕಾಲಿನ ಕುರ್ಚಿ. ಗುಜರಿಯವನು ತಳ್ಳುಗಾಡಿ ತಂದು ನಿಲ್ಲಿಸಿದ. ಸೀಟಿನ ಕೆಳಗೆ ಕೈ ಹಾಕಿ ನೋಡಿ ಅವನ ಮುಖ ಅರಳಿತು. "ಕಬ್ಬಿಣ ಇದೆ."

"ಕಬ್ಬಿಣ ಕೊಡಲ್ಲ," ಎಂದು ಕುರ್ಚಿ ರಿಪೇರಿಯವನು ತಂತಿ ಕತ್ತರಿಸಿ ಗುಂಡನ್ನು ಬಿಚ್ಚಿ ತನ್ನ ಹತ್ಯಾರಗಳ ಪೆಟ್ಟಿಗೆಗೆ ಹಾಕಿಕೊಂಡ. ಯಾಕೆ ಹಾಗೆ ಮಾಡಿದನೆಂದು ಅವನಿಗೂ ಹೇಳಲು ಬರುತ್ತಿರಲಿಲ್ಲ. ಭಾರ ಹೋದದ್ದೇ ತಡ, ಇಪ್ಪತ್ತೆರಡು ವರ್ಷ ಗಾಳಿಗೂ ಬಗ್ಗದ ಕುರ್ಚಿ ಮೂರ್ಛೆ ಬಂದವರಂತೆ ಮಗ್ಗುಲಿಗೆ ಉರುಳಿತು. ಬೀದಿಯಲ್ಲಿದ್ದ ನಾಲ್ಕು ಜನ "ಅಯ್ಯೋ" ಅಂದರು.

ಊಟದ ಡಬ್ಬಿ ತಂದ ಹೆಂಡತಿ ಮೊದಲು ಬೋರ್ಡು ನೋಡಿದಳು. ಆಮೇಲೆ ಖಾಲಿ ಮೆಟ್ಟಿಲು. ಆಮೇಲೆ ಗಂಡನ ಮುಖ.

"ಏನ್ರೀ ಇದು? ನನ್ನ ತಂಗಿ ಗಂಡನ್ನ ಉರಿಸಕ್ಕೆ ನಮ್ಮನೆಗೆ ಕಡ್ಡಿ ಗೀರ್ತಿದೀರಾ?"

"ನಿನಗೆ ಅರ್ಥ ಆಗಲ್ಲ. ಇದು ಬೌದ್ಧಿಕ ಸ್ವತ್ತು."

"ಸ್ವತ್ತಿರಲಿ, ಬುದ್ಧಿ ಎಲ್ಲಿಂದ ಬಂತು ನಿಮಗೆ?" ಎಂದು ಡಬ್ಬಿಯನ್ನು ಕುಕ್ಕಿ, ಖಾಲಿ ಮೆಟ್ಟಿಲನ್ನು ಬಳಸಿಕೊಂಡು ಹೋದಳು. ಅಲ್ಲಿ ಕುರ್ಚಿ ಇದ್ದಾಗ ಹೇಗೆ ಬಳಸಿಕೊಂಡು ಹೋಗುತ್ತಿದ್ದಳೋ ಹಾಗೆಯೇ.

ಮೂರು ಗಂಟೆಗೆ ಅಫಿಡವಿಟ್ಟು ತಯಾರಾಯಿತು. ವಕೀಲರು ಓದಿ ಹೇಳಿದರು: ತನ್ನ ಅಂಗಡಿಯ ಹೆಸರು ಸುಖಪೀಠ. 'ಮೂರುಕಾಲು' ಎಂಬ ಹೆಸರನ್ನಾಗಲಿ, ಮೂರು ಕಾಲಿನ ಕುರ್ಚಿಯ ಗುರುತನ್ನಾಗಲಿ ತಾನು ವ್ಯಾಪಾರದ ಹೆಸರೆಂದು ಎಂದೂ ಒಪ್ಪಿಕೊಂಡಿಲ್ಲ. ಅದು ದಾರಿಹೋಕರ ಕುಚೇಷ್ಟೆ. ಮುಂದೆಯೂ ಬಳಸುವುದಿಲ್ಲ.

"ಇನ್ನೊಂದ್ಸಲ ಯೋಚನೆ ಮಾಡು," ಅಂದರು. "ಕಾಗದ ಇಲ್ಲದೇ ಇದ್ರೂ, ಇಷ್ಟು ವರ್ಷ ಆ ಹೆಸರಲ್ಲಿ ಗಿರಾಕಿ ಬಂದಿದ್ರೆ ಅದು ನಿನ್ನ ಸ್ವತ್ತೇ. ಹೀಗೆ ಬರ್ಕೊಟ್ಟ ಮೇಲೆ ನಾಳೆ ಯಾರೋ ತಗೊಂಡ್ರೆ ಬಾಯಿ ಬಿಡೋ ಹಾಗಿಲ್ಲ."

ಕುರ್ಚಿ ರಿಪೇರಿಯವನಿಗೆ ನಗು ಬಂತು. "ಯಾರು ಸಾರ್ ತಗೋತಾರೆ ಆ ದರಿದ್ರಾನ? ಬೇಕಾದೋರು ಇಟ್ಕೊಳ್ಲಿ, ನನ್ನ ತಕರಾರಿಲ್ಲ ಅಂತಲೂ ಸೇರಿಸಿ."

ಸೇರಿಸಿದರು. ಅವನು ಸಹಿ ಹಾಕಿದ. ಸಾಕ್ಷಿಗಳಾಗಿ ಟೈಲರ್ ಒಂದು ಸಹಿ, ಜೆರಾಕ್ಸ್ ಅಕ್ಕ ಒಂದು ಸಹಿ. ಅಕ್ಕ ತನ್ನ ಪಾಲಿಗೆ ಎರಡು ಪ್ರತಿ ಹೆಚ್ಚಿಗೆ ತೆಗೆದಿಟ್ಟುಕೊಂಡಳು, ಅಭ್ಯಾಸಬಲ.

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಎದುರಾಳಿಗೆ ಗೊತ್ತಾಗದ ಗೆಲುವು ಗೆಲುವೇ? ಕತ್ತಲಲ್ಲಿ ಹೊಸ ಅಂಗಿ ಹಾಕಿಕೊಂಡ ಹಾಗೆ. ಫೋನಿನಲ್ಲಿ ಅತ್ತೆಮನೆಯವರದೊಂದು ಗುಂಪಿತ್ತು. ಯಾರಿಗೆ ಜ್ವರ, ಯಾರ ಮಗುವಿಗೆ ಹಲ್ಲು ಬಂತು ಎಂದೆಲ್ಲ ಅದರಲ್ಲಿ ಬರುತ್ತಿತ್ತು. ಅವನು ಅಫಿಡವಿಟ್ಟಿನ ಮೂರೂ ಪುಟಗಳ ಫೋಟೋ ತೆಗೆದು ಆ ಗುಂಪಿಗೆ ಹಾಕಿದ. ಜೊತೆಗೆ ಬೋರ್ಡಿನ ಫೋಟೋ. ಕೆಳಗೆ, 'ಎಲ್ಲರ ಗಮನಕ್ಕೆ' ಎಂದಷ್ಟೇ ಬರೆದು, ಸ್ಟೂಲೊಂದನ್ನು ಎಳೆದುಕೊಂಡು ಕೂತು ಪರದೆ ನೋಡತೊಡಗಿದ.

ಷಡ್ಡಕ ಓದಿದ ಗುರುತು ಬಿತ್ತು. ಏನೋ ಬರೆಯುತ್ತಿದ್ದಾನೆ. ನಿಲ್ಲಿಸಿದ. ಮತ್ತೆ ಬರೆಯುತ್ತಿದ್ದಾನೆ. ಕುರ್ಚಿ ರಿಪೇರಿಯವನು ತುಟಿ ಒರೆಸಿಕೊಂಡ. ಕೊನೆಗೆ ಬಂದದ್ದು ಜೋಡಿಸಿದ ಎರಡು ಕೈಗಳ ಚಿತ್ರ, ಮತ್ತು ಮೂರು ಪದ: 'ಮಾತೇ ಹೊರಡ್ತಿಲ್ಲ ಅಣ್ಣ.'

"ಮಾತು ಹೊರಡಲ್ಲ," ಅವನು ಟೈಲರಿಗೆ ತೋರಿಸಿದ. "ಹೇಗೆ ಹೊರಡುತ್ತೆ?" ಹೊಟ್ಟೆಯೊಳಗಿನ ತಿದಿ ನಿಂತುಹೋಯಿತು. ಎರಡು ಗಂಟೆ ಕಾಲ ಅವನು ಲೋಕದ ಅತ್ಯಂತ ಸುಖಿಯಾದ ಮನುಷ್ಯನಾಗಿದ್ದ. ಒಂದೇ ಒಂದು ಗಿರಾಕಿ ಮೆಟ್ಟಿಲು ಹತ್ತಲಿಲ್ಲ ಎಂಬುದನ್ನು ಕೂಡ ಗಮನಿಸಲಿಲ್ಲ. ಮೂವರು ಬಂದಿದ್ದರು, ಖಾಲಿ ಮೆಟ್ಟಿಲು ನೋಡಿ, ಬೋರ್ಡು ನೋಡಿ, ಅಂಗಡಿ ಖಾಲಿಯಾಯಿತೆಂದು ಮುರುಕು ಕುರ್ಚಿಗಳನ್ನು ಹೊತ್ತು ಹಿಂದಿರುಗಿದ್ದರು.

ಐದು ಗಂಟೆಗೆ ಜೆರಾಕ್ಸ್ ಅಕ್ಕ ಕಾಗದವೊಂದನ್ನು ಗಾಳಿಯಲ್ಲಿ ಆಡಿಸುತ್ತ ರಸ್ತೆ ದಾಟಿದಳು.

"ಅಣ್ಣ, ನೆನಪಾಯ್ತು. ದಿನಾ ಬೆಳಿಗ್ಗೆ ಎಲ್ಲಿ ನೋಡ್ತೀನಿ ಅಂತ."

"ಎಲ್ಲಿ?"

"ನಮ್ಮನೆ ಕಮೋಡಿನ ಮೇಲೆ. ನೀಲಿ ಅಕ್ಷರದಲ್ಲಿ ಸಣ್ಣಗೆ ಬರೆದಿದೆ. ಅವರದೇ ಪತ್ರ ಬಂದಿದೆ ನೋಡಿ, ಹೆಸರು ಬರೆಸುವಾಗ ಕೊಟ್ಟಿದ್ದ ನನ್ನ ಈಮೇಲಿಗೆ. ಯಾರು ಯಾವ ಹೆಸರು ತಗೋತಾರೆ ಅಂತ ಕಾಯೋಕೆ ಅವರದೊಂದು ಯಂತ್ರಾನೇ ಇದೆಯಂತೆ."

ಸುಖಪೀಠ ಶೌಚ ಸಾಮಗ್ರಿ ಕಂಪನಿಯ ವಕೀಲರ ಪತ್ರ ಅದು. ಆ ಹೆಸರು ಕಮೋಡಿಗಷ್ಟೇ ಅಲ್ಲ. ಕುರ್ಚಿ, ಬೆಂಚು, ಸೋಫಾ, ಸ್ಟೂಲು, ಒಟ್ಟಿನಲ್ಲಿ ಮನುಷ್ಯನು ಕೂರುವ ಸಕಲ ವಸ್ತುಗಳಿಗೂ ತಮ್ಮದೆಂದು ನೋಂದಾಯಿಸಿಕೊಂಡಿದ್ದಾರೆ. ಏಳು ದಿನದಲ್ಲಿ ಬೋರ್ಡಿದ್ದರೆ ಇಳಿಸಬೇಕು, ಡಾಟ್ ಕಾಮ್ ಒಪ್ಪಿಸಬೇಕು. ಬೆಳಗಿನಿಂದ ಸಂಜೆಯವರೆಗೆ ನಿಂತೇ ದುಡಿಯುವ ಜನರಿರುವ ಈ ಲೋಕದಲ್ಲಿ, ಕೂರುವುದಕ್ಕೂ ಯಾರೋ ಪಟ್ಟಾ ಮಾಡಿಸಿಕೊಂಡಾಗಿದೆ. ಕುರ್ಚಿ ರಿಪೇರಿಯವನು ತಾನು ಕೂತಿದ್ದ ಸ್ಟೂಲಿನಿಂದ ತಾನಾಗಿಯೇ ಎದ್ದು ನಿಂತ.

"ಹೋಗ್ಲಿ ಬಿಡಿ," ಅಂದ. "ನನಗಿಲ್ಲ ಅಂದ್ರೆ ಅವನಿಗೂ ಇಲ್ವಲ್ಲ. ಅಷ್ಟು ಸಾಕು."

ಅದೇ ಹೊತ್ತಿಗೆ ಸಾಮಾನಿನ ಗಾಡಿಯೊಂದು ಬಂದು ನಿಂತಿತು. ಇಳಿದವನು ಷಡ್ಡಕ. ಕಣ್ಣು ಕೆಂಪಾಗಿತ್ತು. ಕುರ್ಚಿ ರಿಪೇರಿಯವನು ಎದೆ ಮುಂದೆ ಮಾಡಿ, ಬೆಳಿಗ್ಗೆಯಿಂದ ಬಾಯಲ್ಲಿಟ್ಟುಕೊಂಡಿದ್ದ 'ನೋಡೋಣ'ವನ್ನು ತುಟಿಯ ತುದಿಗೆ ತಂದ. ಅದು ಹೊರಬೀಳುವ ಮೊದಲೇ ಷಡ್ಡಕ ಬಂದು ಅವನನ್ನು ತಬ್ಬಿಕೊಂಡ.

"ಅಣ್ಣ, ನಾನು ನಿಮ್ಮನ್ನ ಇಷ್ಟು ದಿನ ಸಣ್ಣ ಮನಸ್ಸಿನೋರು ಅಂದ್ಕೊಂಡಿದ್ದೆ. ತಪ್ಪಾಯ್ತು."

ಟೈಲರ್ ಕತ್ತರಿ ಕೆಳಗಿಟ್ಟ. ಅಂಗಡಿಯಲ್ಲಿದ್ದ ಒಂದೇ ಗಟ್ಟಿ ಕುರ್ಚಿಯನ್ನು ಜೆರಾಕ್ಸ್ ಅಕ್ಕ ಷಡ್ಡಕನಿಗೆ ಎಳೆದುಕೊಟ್ಟಳು. ಅವನು ಕೂತು ಕಣ್ಣೊರೆಸಿಕೊಂಡ.

"ಸುಖಪೀಠ ಆಗಲ್ಲ, ಅದು ಕಮೋಡಿನೋರದು ಅಂತ ನನ್ನ ವಕೀಲರು ನಿನ್ನೆ ಸಂಜೆನೇ ಹೇಳಿದ್ರು. ನಿಜ ಹೇಳ್ತೀನಿ ಅಣ್ಣ, ನನಗೆ ಮೊದಲಿಂದ ಕಣ್ಣಿದ್ದದ್ದು ನಿಮ್ಮ ಹೆಸರಿನ ಮೇಲೆ. ನಾನು ಹತ್ತು ಹೆಸರಿಟ್ಟೆ, ಒಂದಾದ್ರೂ ಯಾರ ಬಾಯಿಗೂ ಹತ್ಲಿಲ್ಲ. ನೀವು ಹೆಸರೇ ಇಡ್ಲಿಲ್ಲ, ಊರೇ ಇಟ್ಟು ಕರೀತು. ಆರಾಮ ಕುರ್ಚೀಲಿ ಕೂತ್ರೂ ನನಗೆ ಅದೇ ಉರಿ. ನನ್ನ ವಕೀಲರು, ಮೂರುಕಾಲು ಅನ್ನೋದು ಅವರದು, ಇಪ್ಪತ್ತೆರಡು ವರ್ಷದ ಬಳಕೆ, ಅವರಾಗೇ ಬಿಟ್ಟುಕೊಟ್ರೆ ಮಾತ್ರ ನಿನಗೆ ಅಂದಿದ್ರು. ಕೇಳೋಕೆ ನನಗೆ ಬಾಯಿ ಬರ್ಲಿಲ್ಲ. ನೀವು ನೋಡಿದ್ರೆ ಕೇಳದೇನೇ ಬರ್ಕೊಟ್ಟು, ಎಲ್ಲರ ಮುಂದೆ ಗುಂಪಲ್ಲಿ ಹಾಕಿದ್ರಿ. ಬೇಕಾದೋರು ಇಟ್ಕೊಳ್ಲಿ ಅಂತ ಒಂದು ಸಾಲು ಬೇರೆ. ಅತ್ತೆ ಓದಿಸ್ಕೊಂಡು ಅತ್ರು. ದೊಡ್ಡಳಿಯ ನಿಜವಾಗಲೂ ದೊಡ್ಡೋನು ಅಂದ್ರು."

ಕುರ್ಚಿ ರಿಪೇರಿಯವನು ಬಾಯಿ ತೆರೆದ. 'ನಿನಗೆ ಕೊಟ್ಟಿದ್ದಲ್ಲ' ಅನ್ನಬೇಕು. ಹಾಗಾದರೆ ಯಾಕೆ ಬರೆದೆ ಎಂಬ ಪ್ರಶ್ನೆ ಬರುತ್ತದೆ. ನಿನ್ನನ್ನು ಉರಿಸಲಿಕ್ಕೆ ಎನ್ನಬೇಕಾಗುತ್ತದೆ. ಬಾಯಿ ಮುಚ್ಚಿದ. ಒಳಗೆ ತಿದಿ ಮತ್ತೆ ಉಸಿರಾಡತೊಡಗಿತು.

"ನಾಲ್ಕು ಗಂಟೆಗೇ ಬರೆಸಿದೆ ಅಣ್ಣ. ಮೂರುಕಾಲು ಡಾಟ್ ಕಾಮ್. ಟ್ರೇಡ್‌ಮಾರ್ಕಿಗೂ ಅರ್ಜಿ ಹಾಕಿ ಆಯ್ತು. ಒಂದೇ ತೊಂದರೆ." ಷಡ್ಡಕ ಗಾಡಿಯತ್ತ ಕೈ ಮಾಡಿದ. ಗುಜರಿಯವನಿಂದ ಕೊಂಡು ತಂದಿದ್ದ ಮೂರುಕಾಲಿನ ಕುರ್ಚಿಯನ್ನು ಗಾಡಿಯವನು ಮೆಟ್ಟಿಲ ಮೇಲೆ ಇಟ್ಟ. ಅದು ಉರುಳಿತು. ಎತ್ತಿ ನಿಲ್ಲಿಸಿದ. ಮತ್ತೆ ಉರುಳಿತು. "ನನ್ನ ಹತ್ರ ನಿಲ್ತಾನೇ ಇಲ್ಲ. ಗುರುತಿಗೆ ಫೋಟೋ ಬೇಕು. ನೀವು ಹೇಗೆ ನಿಲ್ಲಿಸ್ತಿದ್ರಿ?"

ಎಲ್ಲರೂ ಅವನನ್ನು ನೋಡಿದರು. ಗುಟ್ಟು ಒಂದು ಉಳಿದಿತ್ತು. ಅದನ್ನು ಯಾವ ಕಾಗದದಲ್ಲೂ ಬರೆದುಕೊಟ್ಟಿರಲಿಲ್ಲ. 'ಗೊತ್ತಿಲ್ಲ' ಎಂದರೆ ಮುಗಿಯಿತು. ಹಾಗೆ ಅನ್ನಬೇಕೆಂದೇ ಅವನು ಹೊರಟ. ಅಷ್ಟರಲ್ಲಿ ಕುರ್ಚಿ ಮೂರನೆಯ ಸಲ ಉರುಳಿ, ಅದರ ಬೆನ್ನು ಕಲ್ಲಿಗೆ ಬಡಿದು ಸಣ್ಣಗೆ ಸೀಳಿತು. ಆ ಸದ್ದು ಕೇಳಿದ್ದೇ, ತಲೆಯನ್ನು ಕೇಳದೆ ಕೈಗಳು ಹೊರಟುಬಿಟ್ಟವು. ಪೆಟ್ಟಿಗೆಯಿಂದ ಕಬ್ಬಿಣದ ಗುಂಡು ತೆಗೆದವು, ತಂತಿ ಸುತ್ತಿದವು, ಎದುರು ಮೂಲೆಗೆ ಬಿಗಿದವು. ಕುರ್ಚಿ ಎದ್ದು ನಿಂತಿತು. ಏನೂ ಆಗಿಲ್ಲವೆಂಬಂತೆ.

"ಆಹಾ," ಎಂದು ಷಡ್ಡಕ ಫೋನು ಎತ್ತಿ ಹಿಡಿದ. ಒಂದು ಕಣ್ಣು ಮುಚ್ಚಿದ. "ಅಣ್ಣ, ಸ್ವಲ್ಪ ಆ ಕಡೆ ಸರೀರಿ. ಫೋಟೋದಲ್ಲಿ ಬರ್ತಾ ಇದೀರಿ."

ಅವನು ಸರಿದ.

ಬೀದಿಯ ತುದಿಯಲ್ಲಿ ಒಂದು ಕೊಡೆ ಕಾಣಿಸಿಕೊಂಡಿತು. ಅದರ ಕೆಳಗಿದ್ದ ಅಜ್ಜಿ ಬೋರ್ಡಿನ ಕಡೆ ಕಣ್ಣೆತ್ತಲಿಲ್ಲ; ಕುರ್ಚಿಯನ್ನು ನೋಡಿ ನೇರ ಮೆಟ್ಟಿಲ ಬಳಿ ಬಂದಳು. "ಮೂರುಕಾಲಣ್ಣ, ಸಂಜೆ ಬಾ ಅಂದ್ಯಲ್ಲಪ್ಪ, ಬಂದೆ."

ಕುರ್ಚಿ ರಿಪೇರಿಯವನಿಗೆ ಆ ಹೆಸರು ಅಂದು ಮೊದಲ ಸಲ ಕಿವಿಗೆ ಇಂಪಾಗಿ ಕೇಳಿಸಿತು. "ಹ್ಞಾಂ" ಅನ್ನಲು ಉಸಿರೆಳೆದುಕೊಂಡ. ಟೈಲರ್ ಅವನನ್ನು ನೋಡಿದ. ಜೆರಾಕ್ಸ್ ಅಕ್ಕ ನೋಡಿದಳು. ಇಬ್ಬರೂ ಸಹಿ ಹಾಕಿದವರು. ಎಳೆದ ಉಸಿರು ಎಲ್ಲಿತ್ತೋ ಅಲ್ಲಿಯೇ ನಿಂತಿತು.

"ಬನ್ನಿ ಅಜ್ಜಿ, ನಾನೇ," ಅಂದ ಷಡ್ಡಕ, ಕುರ್ಚಿಯಿಂದ ಅರ್ಧ ಎದ್ದು. ಸ್ಟೂಲನ್ನು ಎರಡೂ ಕೈಯಲ್ಲಿ ಗೌರವದಿಂದ ತೆಗೆದುಕೊಂಡ. ತಿರುಗಿಸಿ ನೋಡಿದ. ಯಾವ ಕಡೆ ಹಿಡಿಯಬೇಕೆಂದು ತಿಳಿಯದೆ, ಹಿಂದೆ ತಿರುಗಿ ಚಾಚಿದ. "ಅಣ್ಣ, ಇದೊಂಚೂರು ನೋಡಿ."

ಹಿರಿಯ ಅಳಿಯ ಕೈ ನೀಡಿದ. ಈ ಸಲವೂ ಅವನ ಪಾಲಿಗೆ ಬಂದದ್ದು ಸ್ಟೂಲೇ.